ಎಂಬತ್ತೆಂಟರ ಬಾಜು ಐವತ್ತಾರು

ಸೆಪ್ಟೆಂಬರ್ 7, ರವಿವಾರ

ನಿನ್ನೆ ಸಂಜೆ ಭಾವನಾ ಅಣ್ಣಿಗೇರಿಯ ಬಸ್ಸಿಳಿದು ಬರುವಾಗ ಬ್ಯಾಗಿನಲ್ಲಿ ಎರಡು ಕಾಗದ ತಂದಳು.

ಮೊದಲನೆಯದು ಅವಳ ಬ್ಯಾಂಕಿನದು. ಮ್ಯಾನೇಜರ್ ಹುದ್ದೆಗೆ ಬಡ್ತಿ, ಬೀದರಿನ ಶಾಖೆ, ಒಪ್ಪಿಗೆಯೋ ನಿರಾಕರಣೆಯೋ ನವೆಂಬರ್ 29ರೊಳಗೆ ಬರೆದು ತಿಳಿಸತಕ್ಕದ್ದು. ಅವಳಿಗೆ ಬಡ್ತಿ, ನನಗೆ ಎದೆಬಡಿತ. ಆದರೆ ಎದೆಬಡಿತವನ್ನು ಹೊರಗೆ ಕೇಳಿಸುವ ಗಂಡಸು ನಾನಲ್ಲ. "ನೀ ಬೀದರಿಗೆ ಹೋದ್ರ ನಾ ಬೀದಿಗೆ" ಅಂದೆ. ಮೂರು ವರ್ಷದ ಹಿಂದೆ ರಾಯಚೂರಿನ ಶಾಖೆಗೆಂದು ಇಂಥದೇ ಕಾಗದ ಬಂದಾಗ "ನೀ ರಾಯಚೂರಿಗೆ ಹೋದ್ರ ಇಲ್ಲೆ ಈ ರಾಯ ಚೂರುಚೂರು" ಅಂದಿದ್ದೆ. ಮರುದಿನವೇ ಬೇಡವೆಂದು ಬರೆದುಕೊಟ್ಟು ಬಂದಳು. ಒಂದೊಂದು ಜೋಕಿಗೆ ಇಷ್ಟು ತೂಕ ಇರುತ್ತದೆ.

ಈ ಸಲ ಅವಳು ಹೇಳಿದ್ದು ಒಂದೇ ಮಾತು. "ಎರಡನೇ ಸಲ ಬ್ಯಾಡಂದ್ರ ಮತ್ತ ಕರಿಯೂದಿಲ್ಲಂತ್ರಿ."

ಎರಡನೆಯ ಕಾಗದ ಒಂದು ಕರಪತ್ರ. ನವೆಂಬರ್ 23ಕ್ಕೆ ಕಲಘಟಗಿ ಕಡೆಯ ತಂಬೂರಿನಲ್ಲಿ ಗುಡ್ಡಗಾಡು ಸೈಕಲ್ ಸ್ಪರ್ಧೆ. ಅದರಲ್ಲಿ ಜೋಡಿ ವಿಭಾಗ ಅಂತ ಒಂದಿದೆ. ಇಬ್ಬರು ಸವಾರರು, ಐದು ಕಿಲೋಮೀಟರಿನ ನಾಲ್ಕು ಸುತ್ತು, ಪ್ರತಿ ಸುತ್ತಿಗೊಂದು ಗುಡ್ಡ. ಇಬ್ಬರ ನಡುವೆ ಅರ್ಧ ನಿಮಿಷಕ್ಕಿಂತ ಹೆಚ್ಚು ಅಂತರ ಬಿದ್ದರೆ ಇಬ್ಬರೂ ಹೊರಗೆ.

"ಇದಕ್ಕ ಹೋಗೂಣು," ಅಂದಳು.

"ಯಾರ ಜೋಡಿ?"

ನನ್ನ ಮುಖ ನೋಡಿದಳು. ಹನ್ನೆರಡು ವರ್ಷದ ಸಂಸಾರದಲ್ಲಿ ಆ ನೋಟಕ್ಕೆ ನಾನು ಇನ್ನೂ ಉತ್ತರ ಕಂಡುಹಿಡಿದಿಲ್ಲ.

ಅವಳೇನೋ ಧಾರವಾಡದಲ್ಲಿ ಓದುವಾಗ ಯುನಿವರ್ಸಿಟಿಯ ಸೈಕಲ್ ತಂಡದಲ್ಲಿದ್ದವಳು. ನಾನು ನವಲಗುಂದದ ಸರಕಾರಿ ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ವಯಸ್ಸು ನಲವತ್ತೊಂದು, ಸೊಂಟ ಅದಕ್ಕಿಂತ ಒಂದಿಂಚು ಮುಂದಿದೆ. ಹೆಸರು ಪ್ರಭಂಜನ, ಅಂದರೆ ಬಿರುಗಾಳಿ. ಎದುರುಗಾಳಿ ಬಂದರೆ ಸೈಕಲ್ಲಿಳಿದು ತಳ್ಳಿಕೊಂಡು ಹೋಗುವ ಬಿರುಗಾಳಿ. ಆದರೂ ಒಪ್ಪಿದೆ. ಕಾಲು ಆಡುತ್ತಿದ್ದರೆ ಬೀದರಿನ ಮಾತು ಆಡುವುದು ತಪ್ಪೀತು ಎಂಬುದು ನನ್ನ ಲೆಕ್ಕ.

ಸೆಪ್ಟೆಂಬರ್ 10, ಬುಧವಾರ

ಸೈಕಲ್ ಅಂಗಡಿಯ ಅಲ್ಲಾಭಕ್ಷ ಕಾಕಾ ನನಗಾಗಿ ಹುಬ್ಬಳ್ಳಿಯಿಂದ ಹಳೆಯದೊಂದು ಗುಡ್ಡದ ಸೈಕಲ್ಲು ತರಿಸಿ, ಹೊಸ ಚೈನು ಏರಿಸಿ ಇಟ್ಟಿದ್ದರು. ನಾನು ಅರ್ಧ ಪೆಡಲು ಹೊಡೆಯುತ್ತಿದ್ದ ಕಾಲದಿಂದಲೂ ನನ್ನ ಪಂಕ್ಚರ್ ತಿದ್ದಿದವರು ಅವರು. ಈಗ ನನ್ನನ್ನು 'ಸರ' ಅನ್ನುತ್ತಾರೆ, ಆದರೆ ದನಿಯಲ್ಲಿ ಇನ್ನೂ ಚಡ್ಡಿಯೇ ತೊಡಿಸಿರುತ್ತಾರೆ.

ಬಸ್‌ಸ್ಟ್ಯಾಂಡಿನ ಹಿಂದಿನ ಬಯಲಿನಲ್ಲಿ ಇಬ್ಬರಿಗೂ ಎರಡೆರಡು ಸುತ್ತು ಹೊಡೆಸಿದರು. ತಾವು ಪಂಕ್ಚರಿನ ಬುಟ್ಟಿ ಬೋರಲು ಹಾಕಿ ಕೂತು, ಕೈಗಡಿಯಾರ ನೋಡುತ್ತ ಹದಿನೈದು ಸೆಕೆಂಡಿಗೆ ಬಲಮೊಣಕಾಲು ಎಷ್ಟು ಸಲ ಮೇಲೆ ಬರುತ್ತದೆಂದು ಎಣಿಸಿದರು.

"ಬಾಯಾರದು ಇಪ್ಪತ್ತೆರಡು. ನಾಕರಲೆ ಗುಣಿಸಿದ್ರ ನಿಮಿಷಕ್ಕ ಎಂಬತ್ತೆಂಟು. ನಿಮ್ಮದು ಹದಿನಾಕು, ಅಂದ್ರ ಐವತ್ತಾರು. ಸರ, ನೀವು ಸೈಕಲ್ ತುಳ್ಯಾಕತ್ತಿಲ್ಲ. ಗಾಣಾ ತಿರುವಾಕತ್ತೀರಿ."

"ಕಾಕಾ, ಬಿಗಿ ಗೇರಿನಾಗ ತುಳಿಲಿಕ್ಕೆ ಶಕ್ತಿ ಬೇಕಾಗ್ತದ."

"ಅದನ್ನ ನಾನೂ ಹೇಳೂದು. ಕಾಲಿನ ಜೋರು ಖರ್ಚು ಮಾಡಬ್ಯಾಡ್ರಿ, ಉಸಿರು ಖರ್ಚು ಮಾಡ್ರಿ. ಉಸಿರು ಹೋದ್ರ ತಿರುಗಿ ಬರತೈತಿ. ಕಾಲು ಹೋದ್ರ ಬರೂದಿಲ್ಲ."

ನಿಮಿಷಕ್ಕೆ ಪೆಡಲು ಎಷ್ಟು ಸುತ್ತು ತಿರುಗುತ್ತದೋ ಅದನ್ನು ಕೇಡೆನ್ಸ್ ಅನ್ನುತ್ತಾರೆಂದು ಭಾವನಾ ವಿವರಿಸಿದಳು. ಕೇಡು ಹೆಸರಿನಲ್ಲೇ ಇದೆ. ಕಾಕಾ ಅದಕ್ಕೆ 'ತುಳಿತ' ಅನ್ನುತ್ತಾರೆ. ತುಳಿತಕ್ಕೊಳಗಾದವರ ಬಗ್ಗೆ ಹದಿನಾಲ್ಕು ವರ್ಷ ಪಾಠ ಹೇಳಿದ್ದೇನೆ, ಇನ್ನು ಪ್ರಾಯೋಗಿಕ.

ಹಿಂದಿನ ಚಕ್ರಕ್ಕೆ ಊಟದ ತಾಟಿನಷ್ಟು ಅಗಲದ ಒಂದು ಹಲ್ಲುಚಕ್ರವಿದೆ. ಕಾಕಾ ಅದನ್ನು ಬೆರಳಿನಿಂದ ತಟ್ಟಿ, "ಏರು ಬಂತಂದ್ರ ಚೈನ್ ತಾಟಿನ ಮ್ಯಾಲೆ ಹಾಕ್ರಿ, ಕಾಲು ಹಗೂರಕ ತಿರಗತಾವು" ಅಂದರು. ಅದು ಸಣ್ಣ ಮಕ್ಕಳಿಗೆ, ಅಂದೆ ನಾನು. ಭಾವನಾ ಮತ್ತು ಕಾಕಾ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರಿಗೂ ಇಷ್ಟು ಬೇಗ ಒಪ್ಪಂದವಾಗಬಾರದಿತ್ತು.

ಸೆಪ್ಟೆಂಬರ್ 14, ರವಿವಾರ

ಇವತ್ತಿನದನ್ನು ಬರೆದಿಡಲೇಬೇಕು.

ಬೆಳಗ್ಗೆ ಅಣ್ಣಿಗೇರಿ ರಸ್ತೆ ಹಿಡಿದೆವು. ಹೆಸರು ಕಿತ್ತ ದಿನಗಳು. ರೈತರು ಕಾಯಿ ಸಮೇತ ಬಳ್ಳಿಯನ್ನು ಡಾಂಬರಿನ ಮೇಲೇ ಹರವಿದ್ದಾರೆ, ಹೋಗಿಬರುವ ಗಾಡಿಗಳೇ ಒಕ್ಕಣೆ ಮಾಡಬೇಕು. ಭಾವನಾ ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಅದರ ಮೇಲೆ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಹೋಗಿಬಿಟ್ಟಳು. ನಾನು ಐವತ್ತಾರರ ತುಳಿತದಲ್ಲಿ ಒಕ್ಕುತ್ತ, ಜಾರುತ್ತ, "ಭಾವನಾ, ನಿಲ್ಲ, ಭಾವನಾ" ಎಂದು ಒದರುತ್ತ ಹಿಂದೆ. ಹೊಲದಲ್ಲಿ ಹೆಸರು ಬೆಳೆದಿತ್ತು, ರಸ್ತೆಯಲ್ಲಿ ನನ್ನ ಹೆಸರು ಹಾಳಾಗುತ್ತಿತ್ತು.

ಹೆಸರು ಗುಡಿಸುತ್ತಿದ್ದ ಒಬ್ಬ ಅಜ್ಜಿ ಇದನ್ನು ನೋಡಿ ಕಸಬರಿಗೆ ಹಿಡಿದುಕೊಂಡೇ ರಸ್ತೆ ನಡುವೆ ಬಂದು ಭಾವನಾಳ ಹ್ಯಾಂಡಲು ಹಿಡಿದಳು. ನಾನು ಮುಟ್ಟುವಷ್ಟರಲ್ಲಿ ವಿಚಾರಣೆ ಶುರುವಾಗಿತ್ತು.

"ಹೊತ್ತು ಏರೂದ್ರೊಳಗ ಗಂಟು ಕಟಗೊಂಡು ಎಲ್ಲಿಗೆ ಹೊಂಟೀಯವ್ವಾ? ಗಂಡ ಹಿಂದ ಬಾಯಿಬಾಯಿ ಬಿಟಗೊಂಡು ಬರಾಕತ್ತಾನ." ನನ್ನ ಕಡೆ ತಿರುಗಿ, "ಏನಪಾ, ಬಡದಿಯೇನು?"

"ಇಲ್ಲಬೇ."

"ಕುಡಿತೀಯೇನು?"

"ಚಾ ಅಷ್ಟ."

"ಮತ್ಯಾಕ ತವರಮನಿಗೆ ಹೊಂಟಾಳಿಕಿ?"

ನಾನು ಸ್ಪರ್ಧೆ, ಜೋಡಿ ವಿಭಾಗ, ನಿಮಿಷದ ತುಳಿತ ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಅಜ್ಜಿ, ಹೆಸರು ಮೈಲಾರವ್ವ ಅಂತೆ, ಪೂರ್ತಿ ಕೇಳಿ ಬಾಜುವಿನವರಿಗೆ ಹೇಳಿದಳು: "ಕಲ್ತ ಮಂದಿ ಸುಳ್ಳನೂ ಉದ್ದ ಹೇಳ್ತಾರ ನೋಡು." ಆಮೇಲೆ ಭಾವನಾಳ ಗಲ್ಲ ಹಿಡಿದು, "ನೀ ಹೇಳು ತಂಗಿ. ಬಿಟ್ಟು ಹೊಂಟೀಯೇನು ಇವನ್ನ?"

ಭಾವನಾ ನಕ್ಕು, "ಇನ್ನೂ ಹೊಂಟಿಲ್ಲಬೇ" ಅಂದಳು.

ತೀರ್ಪಾಯಿತು. ಇಬ್ಬರನ್ನೂ ಜಾಲಿಯ ನೆರಳಿನಲ್ಲಿ ಕೂಡಿಸಿ, ಒಂದೇ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಇಬ್ಬರೂ ಮುರಿದು ತಿನ್ನಬೇಕೆಂದು ನಿಂತು ನೋಡಿದಳು. ಒಂದೇ ಲೋಟದಲ್ಲಿ ಮಜ್ಜಿಗೆ. ಬಿಟ್ಟುಕೊಡುವಾಗ ನನಗೆ ಮಾತ್ರ ಬುದ್ಧಿ: "ಹಿಂದ ನಿಂತು ಒದರಬ್ಯಾಡ. ನೀನೂ ಜರಾ ಜಲ್ದಿ ಹೋಗು." ಅಲ್ಲಾಭಕ್ಷ ಕಾಕಾ ಹೇಳಿದ್ದೂ ಅದೇ, ಗುಣಾಕಾರ ಸಹಿತ.

'ಇನ್ನೂ ಹೊಂಟಿಲ್ಲ' ಅಂದದ್ದು ಒಳ್ಳೆಯ ಜೋಕು. ನನ್ನ ಜೊತೆ ಇದ್ದು ಕಲಿಯುತ್ತಿದ್ದಾಳೆ.

ಸೆಪ್ಟೆಂಬರ್ 16, ಮಂಗಳವಾರ

ಮನಸ್ಸಿನಲ್ಲಿ ತಿಂದದ್ದು ಮಂಡಿಗೆ, ಕಾಲಿನಲ್ಲಿ ಉಳಿದದ್ದು ಮಂಡಿನೋವು. ಪಾಣಿಪತ್ತಿನ ಮೂರನೇ ಯುದ್ಧವನ್ನು ನಿಂತೇ ಮುಗಿಸಿದೆ. ಸರ್ ಇವತ್ತು ಭಾಳ ಆವೇಶದಿಂದ ಹೇಳಿದರು ಅಂದುಕೊಂಡರಂತೆ ಹುಡುಗರು. ಕೂರಲು ಬರುತ್ತಿರಲಿಲ್ಲ.

ಸೆಪ್ಟೆಂಬರ್ 28, ರವಿವಾರ

ಭಾವನಾ ನನ್ನ ಮೊಬೈಲಿನಲ್ಲಿ ನಿಮಿಷಕ್ಕೆ ತೊಂಬತ್ತು ಸಲ 'ಟಿಕ್' ಅನ್ನುವ ಒಂದು ಯಂತ್ರ ಹಾಕಿಕೊಟ್ಟಳು. ಟಿಕ್ಕಿಗೊಂದು ತುಳಿತ. ಹಗುರ ಗೇರಿನಲ್ಲಿ ಅಷ್ಟು ಬೇಗ ತುಳಿಯಲು ಹೋದರೆ ಕಾಲು ತಿರುಗುವುದರ ಬದಲು ನಾನೇ ಸೀಟಿನ ಮೇಲೆ ಕುಣಿಯತೊಡಗಿದೆ. ಬಿಸಿ ಹಂಚಿನ ಮೇಲಿನ ಜೋಳದ ಅರಳು. ಹಿಂದೆ ಬರುತ್ತಿದ್ದ ಭಾವನಾ ನಗುವುದಕ್ಕಾಗಿ ಸೈಕಲ್ ನಿಲ್ಲಿಸಿ ಇಳಿದಳು. ತುಳಿಯುತ್ತ ನಗಲು ಆಗಲಿಲ್ಲವಂತೆ.

ಆಮೇಲೆ ಮಳೆ ಬಂತು. ಅವಸರಕ್ಕೆ ಹೊಲದ ಒಳದಾರಿ ಹಿಡಿದೆವು. ಎರೆಮಣ್ಣು ಒಂದು ಸಲ ಟೈರು ಹಿಡಿದರೆ ಬಿಡುವುದಿಲ್ಲ. ಹತ್ತು ಮಾರು ಹೋಗುವಷ್ಟರಲ್ಲಿ ಚಕ್ರಕ್ಕೂ ಚೌಕಟ್ಟಿಗೂ ನಡುವೆ ಗೋಡೆ ಕಟ್ಟಿ ಕೂತಿತು. ನಿಮಿಷಕ್ಕೆ ಸೊನ್ನೆ ತುಳಿತ. ಮೊಬೈಲು ಮಾತ್ರ ಜೇಬಿನಲ್ಲಿ ಟಿಕ್ ಟಿಕ್ ಅನ್ನುತ್ತಲೇ ಇತ್ತು. ಸೈಕಲ್ಲುಗಳನ್ನು ಹೆಗಲ ಮೇಲೆ ಹೊತ್ತು ಎರಡು ಕಿಲೋಮೀಟರು ನಡೆದೆವು. ದಾರಿಯುದ್ದಕ್ಕೂ ಅವಳು ಹಳೆಯ ತಂಡದ ಕಥೆ ಹೇಳಿದಳು: ಯಾವುದೋ ಸ್ಪರ್ಧೆಯಲ್ಲಿ ಚೈನು ಕಡಿದು ಬರಿಗಾಲಲ್ಲಿ ಓಡಿ ಮೂರನೇ ಸ್ಥಾನಕ್ಕೆ ಬಂದದ್ದು. ಹನ್ನೆರಡು ವರ್ಷದಲ್ಲಿ ಇದನ್ನು ನನಗೆ ಹೇಳಿಲ್ಲವಲ್ಲ ಅಂದೆ.

"ನೀವು ಕೇಳಿದ್ದಿಲ್ಲಲ್ರಿ."

ಇದು ಇತಿಹಾಸದ ಲೆಕ್ಚರರಿಗೆ ಹೇಳುವ ಮಾತೇ?

ಅಕ್ಟೋಬರ್ 12, ರವಿವಾರ

ನಮ್ಮಲ್ಲಿ ಗುಡ್ಡ ಅಂದರೆ ಊರಿನ ಒಂದೇ ಗುಡ್ಡ. ಎರೆಭೂಮಿಯವರಿಗೆ ಏರು ಎಲ್ಲಿಂದ ಬರಬೇಕು? ಭಾವನಾ ಗಾಳಿಯನ್ನೇ ಗುಡ್ಡ ಮಾಡಿದಳು. ಕಾಲುವೆ ರಸ್ತೆಯಲ್ಲಿ ಎದುರುಗಾಳಿಗೆ ಎಂಟು ಕಿಲೋಮೀಟರು. ಬಿರುಗಾಳಿಗೂ ಗಾಳಿಗೂ ಮುಖಾಮುಖಿ.

ಉಸಿರು ಖರ್ಚು ಮಾಡುವುದು ಎಂದರೇನೆಂದು ಇವತ್ತು ಗೊತ್ತಾಯಿತು. ಒಂದು ಗೇರು ಇಳಿಸಿದೆ, ಕಾಲು ಹಗುರಾಯಿತು, ಎದೆ ತಿದಿಯಾಯಿತು. ನಿಲ್ಲಿಸಿದ ಎರಡು ನಿಮಿಷಕ್ಕೆ ಉಸಿರು ನಿಜಕ್ಕೂ ತಿರುಗಿ ಬಂತು, ಕಾಲು ನೋಯಲಿಲ್ಲ. ಎಣಿಸಿದಳು: ಅರವತ್ತೆಂಟು.

"ನೀವು ಎಪ್ಪತ್ತಕ್ಕ ಬಂದ್ರಂದ್ರ ಸಾಕು. ನಾ ಅಲ್ಲಿಗೆ ಇಳಿತೀನಿ."

ಉದಾರ ಮನಸ್ಸಿನವಳು. ಮೊನ್ನೆ ಸ್ಟಾಫ್ ರೂಮಿನಲ್ಲಿ ವಿಕ್ರಮ ಕೇಳಿದ, ಮೇಡಂ ಬೀದರಿಗೆ ಹೋಗುತ್ತಾರಂತೆ ಹೌದೇನು ಎಂದು. ಅವನು ಲೆಕ್ಕದ ಮೇಷ್ಟ್ರು, ನೇರ ಪ್ರಶ್ನೆ. "ಬೀದರಿನ ಬಿದರಿ ಕೆಲಸ ಮನೆಗೇ ತರಿಸಿಕೊಂಡರಾಯಿತು, ಮನೆಯವಳನ್ನೇಕೆ ಕಳಿಸೋಣ" ಅಂದೆ. ಎಲ್ಲರೂ ನಕ್ಕರು.

ಅಕ್ಟೋಬರ್ 26, ರವಿವಾರ

ದೀಪಾವಳಿಯ ಕರ್ಚಿಕಾಯಿಗಳು ಇನ್ನೂ ಹೊಟ್ಟೆಯಲ್ಲಿರುವಾಗಲೇ ತಂಬೂರಿನ ತಾಲೀಮು. ಎರಡೂ ಸೈಕಲ್ಲುಗಳನ್ನು ಗೂಡ್ಸ್ ಗಾಡಿಗೆ ಹಾಕಿ ಅಲ್ಲಾಭಕ್ಷ ಕಾಕಾ ತಾವೂ ಬಂದರು. "ಒಂದೂವರಿ ತಿಂಗಳು ಮೇಸೇನಿ, ಎತ್ತು ಹ್ಯಾಂಗ ಏರತೈತಿ ನೋಡಬೇಕಲ್ಲ" ಅಂತ.

ನಮ್ಮ ಕರಿನೆಲದಿಂದ ಹೋದವನಿಗೆ ಅಲ್ಲಿಯ ಕೆಂಪುಮಣ್ಣು, ಸಾಗವಾನಿ ಗಿಡ, ಒಂದರ ಬೆನ್ನಿಗೊಂದು ಏರು, ಎಲ್ಲ ಬೇರೆ ದೇಶ. ದಾರಿ ನೋಡಲು ಮೊದಲ ಸುತ್ತು ಭಾವನಾ ಒಬ್ಬಳೇ ಹೋದಳು. ಎರಡನೆಯದನ್ನು ಕೂಡಿ ಹೊಡೆದೆವು. ಕಾಕಾ ಗುಡ್ಡದ ಬುಡದಲ್ಲಿ ನಿಂತು ಎರಡನ್ನೂ ಮೊಬೈಲಿನಲ್ಲಿ ಹಿಡಿದರು.

ಏರಿದೆ. ಕಾಲು ಕೆಳಗಿಡದೆ ಏರಿದೆ, ತಾಟಿನ ಗೇರು ಮುಟ್ಟದೆ ಏರಿದೆ. ಅದಕ್ಕಿಂತ ದೊಡ್ಡದು, ಭಾವನಾ ಉದ್ದಕ್ಕೂ ನನ್ನ ಬಾಜುವಿನಲ್ಲೇ ಇದ್ದಳು. ಒಂದು ಗೇಣು ಹಿಂದಿಲ್ಲ, ಒಂದು ಗೇಣು ಮುಂದಿಲ್ಲ. ಇಬ್ಬರ ಮೊಣಕಾಲೂ ಒಂದೇ ತಾಳಕ್ಕೆ ಏರಿಳಿಯುತ್ತಿದ್ದವು. ಜೋಡಿ ಎಂದರೆ ಇದು. ಬರುವಾಗ ಗಾಡಿಯಲ್ಲಿ ನಾನು ಹೇಳಿದ ಪ್ರತಿ ಜೋಕಿಗೂ ನಾನೇ ನಕ್ಕೆ. ಅವಳು ಮೊಣಕಾಲು ಉಜ್ಜಿಕೊಳ್ಳುತ್ತ ಕಿಟಕಿಗೆ ಒರಗಿದ್ದಳು. ಕಾಕಾ ಯಾಕೋ ಮೊಬೈಲಿನಲ್ಲಿ ಅವೇ ಎರಡು ವಿಡಿಯೋ ತಿರುಗಿ ತಿರುಗಿ ನೋಡುತ್ತಿದ್ದರು.

ನವೆಂಬರ್ 9, ರವಿವಾರ

ಬರೆದುಬಿಟ್ಟಳು. ಬೇಡವೆಂದು. ಮಧ್ಯಾಹ್ನ ಊಟವಾದ ಮೇಲೆ ಟೇಬಲ್ಲಿಗೆ ಕೂತು ಅರ್ಧ ಪುಟದಲ್ಲಿ ಚೊಕ್ಕ ಅಕ್ಷರದಲ್ಲಿ ಬರೆದು, ನನಗೆ ಓದಲು ಕೊಟ್ಟು, ಮಡಚಿ ಕಪಾಟಿನಲ್ಲಿಟ್ಟಳು. ಸ್ಪರ್ಧೆ ಮುಗಿಸಿ ಬಂದ ಮರುದಿನ ಬ್ಯಾಂಕಿಗೆ ಕೊಡುತ್ತಾಳೆ. 'ಕೌಟುಂಬಿಕ ಕಾರಣಗಳಿಂದಾಗಿ' ಎಂದು ಬರೆದಿದ್ದಾಳೆ. ಕೌಟುಂಬಿಕ ಕಾರಣ ಅಂಗಿ ಹಾಕಿಕೊಂಡು ಎದುರಿಗೇ ನಿಂತಿತ್ತು.

ಎಷ್ಟು ಹಗುರವಾಯಿತೆಂದರೆ ಸಂತೆಗೆ ಹೋಗಿ ಮೆಂತೆಸೊಪ್ಪು, ಎಳೆ ಬದನೆಕಾಯಿ, ಅವಳಿಗೆ ಸೇರುವ ಸೀತಾಫಲ ತಂದೆ. ಬದನೆಕಾಯಿ ಎಣ್ಣಿಗಾಯಿಯನ್ನು ನಾನೇ ಮಾಡಿದೆ; ಸ್ವಲ್ಪ ಹೊತ್ತಿತು, ಆದರೆ ಅದಕ್ಕೂ ಒಂದು ಜೋಕಿತ್ತು. ಉಣ್ಣುತ್ತ ಕೇಳಿದೆ, "ಮನಸ್ಸಿಗೆ ಏನೂ ಅನಸಲಿಲ್ಲಲ್ಲ?"

"ಏನಿಲ್ರಿ. ನಿಮ್ಮ ಜೋಡಿ ತುಳಿಯೂದು ರೂಢಿ ಆಗೇದ."

ಇದಕ್ಕಿಂತ ಪ್ರೀತಿಯ ಮಾತನ್ನು ಅವಳು ಇತ್ತೀಚೆಗೆ ಆಡಿದ್ದು ನೆನಪಿಲ್ಲ. ಎಡ ಮೊಣಕಾಲು ಸ್ವಲ್ಪ ಊದಿದೆ ಅಂದಳು, ಉಪ್ಪಿನ ಕಾವು ಕೊಟ್ಟೆ. ಎಂಬತ್ತೆಂಟರ ಕಾಲಿಗೆ ಎಂಥ ನೋವು, ಐವತ್ತಾರರವನದೇ ಗುಣವಾಗಿದೆ ಎಂದು ಕಾಡಿಸಿದೆ. ನಕ್ಕಳು.

ನವೆಂಬರ್ 12, ಬುಧವಾರ

ಕಾಲೇಜಿನಿಂದ ಬರುವಾಗ ಕಾಕಾನ ಅಂಗಡಿಗೆ ಹೋಗಿ, ಭಾವನಾಳ ಮೊಣಕಾಲಿನ ವಿಷಯ ಹೇಳಿದೆ. ಸೀಟು ಎತ್ತರಿಸಬೇಕೇನು ಎಂದು ಕೇಳಿದೆ.

ಅವರು ರಬ್ಬರು ಉಜ್ಜುವುದನ್ನು ಬಿಟ್ಟು ಕೈ ಒರೆಸಿಕೊಂಡರು. "ಸೀಟ್ ಬರೊಬ್ಬರಿ ಐತ್ರಿ" ಅಂದರು. ಮೊಬೈಲು ತೆಗೆದು ತಂಬೂರಿನ ಎರಡು ವಿಡಿಯೋ ನನಗೆ ಕಳಿಸಿದರು. "ನೀವು ಕಲ್ತಾವರು. ನೀವ ಎಣಸ್ರಿ."

ಅಂಗಡಿ ಕಟ್ಟೆಯ ಮೇಲೆ ಕೂತು ಎಣಿಸಿದೆ. ಮೊದಲನೆಯದರಲ್ಲಿ ಅವಳು ಒಬ್ಬಳೇ ಏರುತ್ತಾಳೆ. ಹದಿನೈದು ಸೆಕೆಂಡಿಗೆ ಇಪ್ಪತ್ತೆರಡು. ಎರಡನೆಯದರಲ್ಲಿ ನಾವಿಬ್ಬರು. ನಾನು ಏದುಸಿರು ಬಿಡುತ್ತ ಹದಿನೈದು. ಅವಳೂ ಹದಿನೈದು. ಒಂದೇ ಏರಿನಲ್ಲಿ, ನನ್ನ ಬಿಗಿ ಗೇರನ್ನೇ ತಾನೂ ಹಾಕಿಕೊಂಡು, ಪ್ರತಿ ತುಳಿತಕ್ಕೂ ಮೊಣಕಾಲನ್ನು ಒತ್ತಿ ಒತ್ತಿ. ನಡುವೆ ಎರಡು ಸಲ ಬ್ರೇಕು ಮುಟ್ಟುತ್ತಾಳೆ. ಏರಿನಲ್ಲಿ.

ಆರು ಸಲ ನೋಡಿದೆ.

ನವೆಂಬರ್ 13, ಗುರುವಾರ

ಒಬ್ಬಳೇ ಇದ್ದಾಗ 88. ನನ್ನ ಬಾಜು 60.

ರಾಯಚೂರಿನ ಜೋಕಿಗೆ ಅವಳು ನಕ್ಕಿದ್ದಳೇ? ನಾನು ನಕ್ಕದ್ದು ನೆನಪಿದೆ.

ನವೆಂಬರ್ 19, ಬುಧವಾರ

ಐದು ದಿನದಿಂದ ನಸುಕಿನಲ್ಲಿ ಒಬ್ಬನೇ ಊರಿನ ಗುಡ್ಡಕ್ಕೆ ಹೋಗುತ್ತಿದ್ದೇನೆ. ಮೊಣಕಾಲಿಗೆ ವಿಶ್ರಾಂತಿ ಕೊಡು, ನೀನು ಮಲಗಿರು ಎಂದು ಭಾವನಾಳಿಗೆ ಹೇಳಿದ್ದೇನೆ. ಚೈನು ತಾಟಿನ ಮೇಲೆ ಹಾಕಿದೆ. ಯಾರೂ ನೋಡಲಿಲ್ಲ, ನೋಡಿದ್ದರೂ ಚಿಂತೆಯಿರಲಿಲ್ಲ ಅನ್ನಿಸಿತು, ಇದು ಹೊಸದು.

ಮೊದಲ ದಿನ ಅವಳ ಎಂಬತ್ತೆಂಟಕ್ಕೇ ಕೈಹಾಕಿ ಅರ್ಧ ಗುಡ್ಡಕ್ಕೆ ವಾಂತಿ ಮಾಡಿಕೊಂಡೆ. ಕಾಕಾ ಸಂಜೆ ಬೈದರು. "ಆಕಿ ಕಾಲು ಆಕಿಗೆ, ನಿಮ್ಮ ಕಾಲು ನಿಮಗ್ರಿ ಸರ. ಗುಡ್ಡದ ತುದಿಗೆ ಹ್ವಾದಾಗ ಎರಡು ಮಾತು ಆಡಾಕ ಉಸಿರು ಉಳೀಬೇಕು. ಅದು ನಿಮ್ಮ ತುಳಿತ." ಇವತ್ತು ಎಪ್ಪತ್ತೆಂಟರಲ್ಲಿ ತುದಿ ಮುಟ್ಟಿದೆ. ಎರಡು ಮಾತಿಗೆ ಉಸಿರಿತ್ತು. ಆಡಲು ಬಾಜುವಿನಲ್ಲಿ ಯಾರೂ ಇರಲಿಲ್ಲ. ಹತ್ತಿ ಹೊಲಗಳ ಕಡೆ ನೋಡಿಕೊಂಡು ಇಳಿದೆ.

ನವೆಂಬರ್ 23, ರವಿವಾರ

ತಂಬೂರು. ಹನ್ನೊಂದು ಜೋಡಿಗಳು. ಹೆಚ್ಚಿನವರು ನಮ್ಮ ಅರ್ಧ ವಯಸ್ಸಿನವರು.

ಮೊದಲ ಎರಡು ಸುತ್ತು ಅವಳು ಎಂದಿನಂತೆ ನನ್ನ ಬಾಜುವಿನಲ್ಲಿ ಬಂದಳು. ಮೂರನೆಯದರಲ್ಲಿ ಗುಡ್ಡದ ಬುಡ ಬಂದಾಗ ನನಗೆ ಆ ಸದ್ದು ಕೇಳಿಸಿತು: ಟಕ್ ಎಂದು ಅವಳು ಗೇರು ಬಿಗಿ ಮಾಡಿಕೊಂಡ ಸದ್ದು. ಎರಡು ತಿಂಗಳಿಂದ ನನ್ನ ಪಕ್ಕದಲ್ಲೇ ಆಗುತ್ತಿದ್ದ ಸದ್ದು.

"ಬಿಗಿ ಮಾಡಬ್ಯಾಡ," ಅಂದೆ.

"ಆಂ?"

"ನಿನ್ನ ತುಳಿತ ನೀ ತುಳಿ. ಮುಂದ ಹೋಗು."

"ಅಂತರ ಬೀಳ್ತದ್ರಿ. ಹೊರಗ ಹಾಕ್ತಾರ."

"ನಾ ಬರ್ತೀನಿ. ನೀ ಹಿಂದ ನೋಡಬ್ಯಾಡ."

ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಚೈನು ಹಗುರಾದ ಸದ್ದು, ಮತ್ತು ಅವಳು ಹೋದಳು. ಹನ್ನೆರಡು ವರ್ಷ ಮನೆಯಲ್ಲಿದ್ದವಳು ಹೇಗೆ ಸೈಕಲ್ ತುಳಿಯುತ್ತಾಳೆಂದು ನಾನು ಇವತ್ತು ನೋಡಿದೆ. ಬೆನ್ನು ಅಲುಗುವುದಿಲ್ಲ. ಕಾಲು ಒತ್ತುವುದಿಲ್ಲ, ತಿರುಗುತ್ತದೆ ಅಷ್ಟೆ, ಯಾರೋ ಒಳಗಿನಿಂದ ರಾಟೆ ತಿರುಗಿಸಿದ ಹಾಗೆ. ನಾನು ಚೈನನ್ನು ತಾಟಿಗೆ ಹಾಕಿ ನನ್ನ ಎಪ್ಪತ್ತೆಂಟನ್ನು ಹಿಡಿದೆ. ಗುಡ್ಡದ ಮೇಲೆ ಗಡಿಯಾರ ಹಿಡಿದು ನಿಂತಿದ್ದವನು ಕೂಗಿದ: "ಇಪ್ಪತ್ತಾರು ಸೆಕೆಂಡ್."

ಕೊನೆಯ ಸುತ್ತಿನಲ್ಲಿ ಅವಳು ಇನ್ನೂ ಜೋರು. ನಾನೂ ಕಾಲು ಕೆಳಗಿಡಲಿಲ್ಲ. ಗೆರೆ ದಾಟಿದಾಗ ಅವಳು ಅಲ್ಲೇ ಸೈಕಲ್ಲಿಗೆ ಒರಗಿ ನಿಂತಿದ್ದಳು, ಮುಖವೆಲ್ಲ ಕೆಂಪು ಧೂಳು. ಟೇಬಲ್ಲಿನ ಹಿಂದಿದ್ದ ಸಂಘಟಕರು ಕಾಗದ ನೋಡಿ ಬಹಳ ಮರ್ಯಾದೆಯಿಂದ ಹೇಳಿದರು:

"ಅಂತರ ನಲವತ್ತೊಂದು ಸೆಕೆಂಡ್ ಆಗೇತ್ರಿ ಸರ. ನಿಮ್ಮ ಜೋಡಿ ರದ್ದ ಆತು."

ನಾನು ಭಾವನಾಳನ್ನು ನೋಡಿದೆ. ಅವಳು ಮಣ್ಣಿನಲ್ಲೇ ಕೂತುಬಿಟ್ಟು ನಗತೊಡಗಿದಳು, ಕಣ್ಣಲ್ಲಿ ನೀರು ಬರುವ ಹಾಗೆ. ಆ ಮನುಷ್ಯ ಗಾಬರಿಯಾಗಿ, "ಮೇಡಂ ಒಬ್ರದ ಹಿಡದ್ರ ಕಡೀ ಸುತ್ತು ಹೆಣ್ಮಕ್ಕಳೊಳಗ ಎರಡನೇ ಜೋರು ರೀ" ಎಂದು ಸಮಾಧಾನ ಹೇಳಿದ.

ಗಿರಮಿಟ್ಟಿನ ಪೊಟ್ಟಣ ತೆಗೆದುಕೊಂಡು ಹೊಂಗೆ ಮರದ ಕೆಳಗೆ ಕೂತೆವು. ಅವಳು ಮಂಡಕ್ಕಿಯಲ್ಲಿ ಮೆಣಸಿನಕಾಯಿ ಹುಡುಕುತ್ತ ಕೇಳಿದಳು.

"ಯಾಕ ಮುಂದ ಹೋಗಂದ್ರಿ? ಕೂಡಿ ಬಂದಿದ್ರ ಒಂಬತ್ತನೇದವರರೆ ಆಗ್ತಿದ್ವಿ."

"ನಾ ಎಣಿಸೀನಿ. ಕಾಕಾನ ವಿಡಿಯೋದಾಗ. ಒಬ್ಬಾಕಿ ಇದ್ದಾಗ ಎಂಬತ್ತೆಂಟು, ನನ್ನ ಬಾಜು ಅರವತ್ತು."

ಕೈ ನಿಂತಿತು. "ಏರಿನಾಗ ಅಷ್ಟು ಫರಕು ಇರ್ತದ್ರಿ."

"ಬ್ರೇಕ್ ಹಿಡದೀ ನೀ. ಎರಡು ಸಲ."

ಯಾವುದೋ ಜೋಡಿ ಬಹುಮಾನ ತೆಗೆದುಕೊಳ್ಳುತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು.

"ರಾಯಚೂರು ಬ್ಯಾಡಂದಾಗ ನಾ ಎಣಿಸಿದ್ದಿಲ್ಲ," ಅಂದೆ.

"ಅವತ್ತು ನಿಮ್ಮ ಜೋಕಿಗೆ ನಾ ನಕ್ಕಿದ್ದಿಲ್ಲ. ಅದಾದ್ರೂ ಗೊತ್ತದೇನು?"

"ಹೋದ ವಾರ ಗೊತ್ತಾತು."

"ನಿಮಗ ಭಾಳ ಜಲ್ದಿ ಗೊತ್ತಾಗ್ತದ." ನನ್ನ ತೋಳಿಗೆ ಅಂಟಿದ್ದ ಕೆಂಪು ಮಣ್ಣನ್ನು ಉಗುರಿನಿಂದ ಕೆರೆದು ತೆಗೆದಳು. "ಕಪಾಟಿನಾಗಿನ ಕಾಗದಕ್ಕ ಏನ ಮಾಡ್ಲಿ?"

"ಅದು ನಿನ್ನ ತುಳಿತ. ನಾ ಹೇಳೂದಿಲ್ಲ."

"ನಾ ಹೋದ್ರ ನೀವು?"

ನನಗೆ ಒಂದು ಜೋಕು ಹೊಳೆಯಬೇಕಿತ್ತು. ಯಾವಾಗಲೂ ಹೊಳೆಯುತ್ತದೆ. ಬಾಯಿ ತೆರೆದು ಕಾದೆ, ಬರಲಿಲ್ಲ.

"ಬರ್ತೀನಿ," ಅಂದೆ. "ಹಿಂದಿಂದ. ನಲವತ್ತೊಂದು ಸೆಕೆಂಡಿನಾಗ ಆಗೂದಿಲ್ಲ, ವರ್ಷ ಹಿಡೀಬಹುದು."

ಅವಳು ಗಿರಮಿಟ್ಟಿನ ಪೊಟ್ಟಣವನ್ನು ನನ್ನ ಕಡೆ ಸರಿಸಿದಳು. ಮೆಣಸಿನಕಾಯಿ ಎಲ್ಲ ತೆಗೆದಿದ್ದಳು.

ನವೆಂಬರ್ 25, ಮಂಗಳವಾರ

ಕಪಾಟಿನಲ್ಲಿದ್ದ ಕಾಗದ ಹರಿದು, ಹೊಸದು ಬರೆದು, ನನಗೆ ತೋರಿಸದೆ ಬ್ಯಾಗಿನಲ್ಲಿಟ್ಟುಕೊಂಡು ಹೋದಳು. ಸಂಜೆ ಬಸ್ಸಿಳಿದು ಬಂದವಳು ಬಾಗಿಲಲ್ಲೇ ಹೇಳಿದಳು, ಜನವರಿ ಎರಡಕ್ಕೆ ಹಾಜರಾಗಬೇಕಂತೆ. ಚಾ ಮಾಡಿದೆ. ಸಕ್ಕರೆ ಎರಡು ಸಲ ಬಿತ್ತು, ಇಬ್ಬರೂ ಕುಡಿದೆವು.

ನವೆಂಬರ್ 29, ಶನಿವಾರ

ಮನೆ ದೊಡ್ಡದೆನಿಸುತ್ತದೆ ಎಂದು ಬರೆಯಬೇಕೆಂದುಕೊಂಡಿದ್ದೆ, ಅವಳು ಇನ್ನೂ ಹೋಗಿಯೇ ಇಲ್ಲ. ಒಳಗೆ ಅಲ್ಲಾಭಕ್ಷ ಕಾಕಾನ ಜೊತೆ ಫೋನಿನಲ್ಲಿ ಸೈಕಲ್ಲನ್ನು ಬಸ್ಸಿನ ಮೇಲೆ ಕಟ್ಟುವುದು ಹೇಗೆಂದು ಕೇಳುತ್ತಿದ್ದಾಳೆ.

ಸರಕಾರಿ ಲೆಕ್ಚರರಿಗೆ ವರ್ಗಾವಣೆ ಕೋರುವ ಹಕ್ಕಿದೆ. ಹದಿನಾಲ್ಕು ವರ್ಷ ಆ ಹಕ್ಕನ್ನು ವರ್ಗಾವಣೆ ತಪ್ಪಿಸಿಕೊಳ್ಳುವುದಕ್ಕೆ ಮಾತ್ರ ಬಳಸಿದ್ದೆ. ಅರ್ಜಿ ಬೇಸಿಗೆಗೆ ಕರೆಯುತ್ತಾರಂತೆ. ವಿಕ್ರಮನ ಹತ್ತಿರ ಹೋದ ವರ್ಷದ ನಮೂನೆ ಇತ್ತು, ತಂದು ತುಂಬಿ ನೋಡಿದೆ. ಕಾರಣಗಳ ಪಟ್ಟಿಯಲ್ಲಿ 'ಪತಿ-ಪತ್ನಿ ಪ್ರಕರಣ' ಎಂದೇ ಒಂದಿದೆ. ಹನ್ನೆರಡು ವರ್ಷದಿಂದ ನಡೆದಿರುವ ಪ್ರಕರಣ, ಅರ್ಜಿದಾರನಾಗಿ ಸಹಿ ಹಾಕಿದ್ದು ಇವತ್ತೇ.

ಕೆಳಗೆ ಬೇಕಾದ ಸ್ಥಳಗಳನ್ನು ಆದ್ಯತೆಯ ಪ್ರಕಾರ ಬರೆಯಲು ಮೂರು ಗೆರೆ ಬಿಟ್ಟಿದ್ದರು. ಮೂರರಲ್ಲೂ ಒಂದೇ ಊರು ಬರೆದೆ.